ಸೆಂಟಣ್ಣನ ಮನೆಯ ಬೆಂಕಿ

ಡಾಕ್ಟರು ಇನ್ನೂ ಏನನ್ನೂ ಕೇಳಿರಲಿಲ್ಲ. ಕೈಗವಸು ಹಾಕಿಕೊಳ್ಳುತ್ತ ಸ್ಟ್ರೆಚರಿನ ಕಡೆ ಬಗ್ಗಿದ್ದರು, ಅಷ್ಟೇ. ಅಷ್ಟರಲ್ಲಿ ಸೆಂಟಣ್ಣನ ಬಾಯಿಂದ ಮಾತು ತಾನಾಗಿ ಉದುರಿಬಿಟ್ಟಿತು.

"ಸ್ಟವ್ ತಿರುಗಿಸಿಟ್ಟು ಮರೆತಿದಾಳೆ ಸಾರ್. ಫೋನ್ ನೋಡ್ತಾ ಕೂತಿದ್ಲು. ಆಮೇಲೆ ಹೋಗಿ ಲೈಟರ್ ಒತ್ತಿದಾಳೆ. ಈಗಿನ ಮಕ್ಕಳು ಗೊತ್ತಲ್ಲ ನಿಮಗೆ."

ಅಲ್ಲಿಯತನಕ ನರಳುತ್ತಿದ್ದ ಮಗಳು ತಟ್ಟನೆ ಸುಮ್ಮನಾದಳು. ಅವಳ ಬಲಗಾಲು ಮೊಣಕಾಲಿನವರೆಗೆ, ಬಲಗೈ ಮೊಣಕೈಯವರೆಗೆ ಸುಟ್ಟಿತ್ತು. ಹುಬ್ಬಿನ ಕೂದಲು ಮುರುಟಿಹೋಗಿತ್ತು. ಅಂಥ ಉರಿಯಲ್ಲೂ ತಲೆ ತಿರುಗಿಸಿ ಅಪ್ಪನ ಮುಖವನ್ನೇ ನೋಡಿದಳು. ಸೆಂಟಣ್ಣನಿಗೆ ಆ ನೋಟ ತಡೆಯಲಾಗಲಿಲ್ಲ. ಔಷಧಿ ಅಂಗಡಿ ಎಲ್ಲಿದೆ ನೋಡಿ ಬರುತ್ತೇನೆಂದು ಹೊರಗೆ ಹೋದ. ಡಾಕ್ಟರು ಇನ್ನೂ ಚೀಟಿಯನ್ನೇ ಬರೆದಿರಲಿಲ್ಲ.

ಸೆಂಟಣ್ಣ ಎನ್ನುವುದು ಬೀದಿಯವರು ಇಟ್ಟ ಹೆಸರು. ಸ್ಪ್ರೇ ಡಬ್ಬಿ ತಯಾರಿಸುವ ಕಾರ್ಖಾನೆಯಲ್ಲಿ ಅವನಿಗೆ ಕೆಲಸ. ಮೈಗೆ ಹೊಡೆದುಕೊಳ್ಳುವ ಸೆಂಟು, ಕೋಣೆಗೆ ಹೊಡೆಯುವ ಸೆಂಟು, ಎರಡೂ ಅವನ ಅಂಗಿಯಲ್ಲಿ ಎಷ್ಟು ಒಗೆದರೂ ಕೂತೇ ಇರುತ್ತಿದ್ದವು. ಕಾರ್ಖಾನೆಯಲ್ಲಿ ಅವನು ನಿಲ್ಲುತ್ತಿದ್ದದ್ದು ಬಿಸಿನೀರಿನ ತೊಟ್ಟಿಯ ಮುಂದೆ. ದ್ರವ ತುಂಬಿ, ಮೂತಿ ಬಿಗಿದು, ಗ್ಯಾಸು ಹೊಡೆದ ಡಬ್ಬಿಗಳು ಸಾಲಾಗಿ ಆ ನೀರಿನಲ್ಲಿ ಮುಳುಗಿ ಏಳುತ್ತವೆ. ಡಬ್ಬಿ ಎಲ್ಲಾದರೂ ಸೋರುತ್ತಿದ್ದರೆ ಅಲ್ಲಿಂದ ಗುಳ್ಳೆ ಏಳುತ್ತದೆ. ಗುಳ್ಳೆ ಕಂಡ ಡಬ್ಬಿಯನ್ನು ಎತ್ತಿ ಪಕ್ಕಕ್ಕೆ ಹಾಕುವುದು ಅವನ ಕೆಲಸ. ಹೊಸದಾಗಿ ಸೇರಿದವರು, ಗಾಳಿ ಎಳೆಯುವ ಫ್ಯಾನುಗಳನ್ನು ಗೋಡೆಯ ಮೇಲ್ಗಡೆ ಬಿಟ್ಟು ನೆಲದ ಹತ್ತಿರ ಯಾಕೆ ಕೂರಿಸಿದ್ದಾರೆ ಎಂದು ಕೇಳಿದರೆ ಅವನೇ ಪಾಠ ಹೇಳುತ್ತಿದ್ದ.

"ಈ ಗ್ಯಾಸು ಗಾಳಿಗಿಂತ ಭಾರ ಕಣ್ರಪ್ಪ. ಮೇಲೆ ಏರಲ್ಲ, ನೆಲ ಹಿಡ್ಕೊಂಡು ಹರಿಯುತ್ತೆ. ಅಡುಗೆ ಗ್ಯಾಸಿನ ಹಾಗೇ ಹೊತ್ಕೊಳ್ಳುತ್ತೆ. ಅದಕ್ಕಾದ್ರೆ ಗೊತ್ತಾಗ್ಲಿ ಅಂತ ನಾತ ಸೇರಿಸಿರ್ತಾರೆ. ಇದಕ್ಕೆ ಅದೂ ಇಲ್ಲ."

ಮೈ ಸೊಟ್ಟಗಾದ ಡಬ್ಬಿ, ಹೆಸರಿನ ಚೀಟಿ ಓರೆಯಾದ ಡಬ್ಬಿ, ಇವೆಲ್ಲ ಜಾಲರಿಯ ಪೆಟ್ಟಿಗೆಗೆ ಹೋಗಿ ಅಲ್ಲೇ ತೂತಾಗಿ ಚಪ್ಪಟೆಯಾಗಬೇಕು; ಹೊರಗೆ ಹೋಗಕೂಡದು. ಇದು ನಿಯಮ. ಸೆಂಟಣ್ಣ ವಾರಕ್ಕೆ ಒಂದೋ ಎರಡೋ ಡಬ್ಬಿಯನ್ನು ಊಟದ ಚೀಲದ ತಳದಲ್ಲಿಟ್ಟು ಮನೆಗೆ ತರುತ್ತಿದ್ದ. ಗೇಟಿನಲ್ಲಿ ಚೀಲ ನೋಡುವ ಗಾರ್ಡು ಪಕ್ಕದ ಮನೆಯವನೇ. ನೆರೆಯವನ ಚೀಲಕ್ಕೆ ಕೈಹಾಕುವುದು ಅವನಿಗೆ ಮುಜುಗರ, ಹಾಗಾಗಿ ಮೇಲಿಂದ ತಟ್ಟಿ ಬಿಡುತ್ತಿದ್ದ. ತಂದದ್ದನ್ನು ಸೆಂಟಣ್ಣ ಮಾರಿದವನಲ್ಲ. ಮನೆಗೆ ಯಾರೇ ಬರಲಿ, ಹೊರಡುವಾಗ ಕೈಗೊಂದು ಡಬ್ಬಿ. ಕಾರ್ಖಾನೆಯ ಮಾಲು, ಸೆಂಟಣ್ಣನ ಹೆಸರು. ಬೀದಿಯಲ್ಲೆಲ್ಲ ಕೊಡುಗೈ ದೊರೆ ಎನ್ನಿಸಿಕೊಂಡಿದ್ದ. ಆ ಹೊಗಳಿಕೆ ಅವನಿಗೆ ಸಂಬಳಕ್ಕಿಂತ ರುಚಿಯಾಗಿತ್ತು.

ಹೀಗಿರುವಾಗ ಒಂದು ಶನಿವಾರ ಲೋಡಿಂಗ್ ಕೆಲಸದವನೊಬ್ಬ ಮೂರು ಡಬ್ಬಿಗಳ ಸಮೇತ ಗೇಟಿನಲ್ಲಿ ಸಿಕ್ಕಿಬಿದ್ದ. ನಿಂತ ಕಾಲಿನಲ್ಲೇ ಅವನ ಕೆಲಸ ಹೋಯಿತು. ಇನ್ನು ಎಲ್ಲರ ಮನೆಗಳನ್ನೂ ಹುಡುಕುತ್ತಾರಂತೆ ಎಂದು ಯಾರೋ ಅಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಸೆಂಟಣ್ಣ ಮನೆಗೆ ಓಡಿಬಂದು ಮಂಚದ ಕೆಳಗೆ ಬಗ್ಗಿದ. ಅಲ್ಲಿ ಒಂದು ರಾಶಿ ಡಬ್ಬಿ ಇತ್ತು. ಎಸೆಯೋಣವೆಂದರೆ ತುಂಬಿದ ಡಬ್ಬಿ ಕಸದಲ್ಲಿ ಕಂಡರೆ ಊರಿಗೆಲ್ಲ ಗೊತ್ತಾಗುತ್ತದೆ. ಖಾಲಿ ಮಾಡಿ ಚಪ್ಪಟೆ ಮಾಡಿದರೆ ಬರೀ ತಗಡು. ಭಾನುವಾರ ಬೆಳಗ್ಗೆ ಬಚ್ಚಲಿನಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದೊಂದರ ಮೂತಿಯನ್ನೂ ಒತ್ತಿ ಹಿಡಿದ. ಬಚ್ಚಲಿನ ಕಿಟಕಿ ಗಾರ್ಡಿನ ಅಂಗಳಕ್ಕೆ ತೆರೆಯುತ್ತಿತ್ತು. ಬುಸ್ಸೆನ್ನುವ ಸದ್ದೂ ನಿಂಬೆಹಣ್ಣಿನ ಸೆಂಟಿನ ವಾಸನೆಯೂ ಅತ್ತ ಹೋದಾವೆಂದು ಅದನ್ನು ಭದ್ರವಾಗಿ ಮುಚ್ಚಿದ.

ಗ್ಯಾಸು ಅವನು ಬೇರೆಯವರಿಗೆ ಹೇಳಿಕೊಟ್ಟಂತೆಯೇ ನಡೆದುಕೊಂಡಿತು. ಬಾಗಿಲ ಸಂದಿಯಿಂದ ನುಸುಳಿ, ನೆಲ ಹಿಡಿದು ಅಡುಗೆಮನೆಗೆ ಹರಿಯಿತು. ಅಲ್ಲಿ ಮಗಳು ಫ್ರಿಜ್ಜಿನ ಪಕ್ಕ ನೆಲದ ಮೇಲೆ ಕೂತು ಕ್ಯಾರೆಟ್ಟನ್ನು ಎಳೆ ಎಳೆಯಾಗಿ ಹೆಚ್ಚುವ ಅಭ್ಯಾಸ ಮಾಡುತ್ತಿದ್ದಳು. ಅಡುಗೆ ತರಬೇತಿ ಮುಗಿಸಿ, ಮುಂದಿನ ತಿಂಗಳು ಆಸ್ಪತ್ರೆಯ ಕ್ಯಾಂಟೀನಿನ ಅಡುಗೆಮನೆಗೆ ಸೇರುವುದೆಂದು ನಿಶ್ಚಯವಾಗಿತ್ತು. ಅವಳ ಅಮ್ಮ ಹಿತ್ತಿಲಿನಲ್ಲಿ ಬಟ್ಟೆ ಹರವುತ್ತಿದ್ದಳು. ಸೆಂಟಣ್ಣ ಚಪ್ಪಟೆ ಮಾಡಿದ ತಗಡನ್ನು ಚೀಲಕ್ಕೆ ತುಂಬಿ ಆಗಷ್ಟೇ ಹಿತ್ತಿಲಿಗೆ ಒಯ್ದಿದ್ದ. ಅಜ್ಜಿ ಹೊರಕೋಣೆಯ ಮಂಚದ ಮೇಲಿದ್ದಳು. ಸ್ಟವ್ವನ್ನು ಯಾರೂ ಮುಟ್ಟಿರಲಿಲ್ಲ. ಹಳೇ ಫ್ರಿಜ್ಜು ಎಂದಿನಂತೆ ಟಕ್ಕೆಂದು ಚಾಲೂ ಆಯಿತು. ಅದರ ಸ್ವಿಚ್ಚಿನೊಳಗಿನ ಸಣ್ಣ ಕಿಡಿಯೇ ಸಾಕಾಯಿತು; ನೆಲದ ಮೇಲಿನ ಗ್ಯಾಸು ಭಗ್ಗೆಂದು ಹೊತ್ತಿಕೊಂಡಿತು.

ಸದ್ದು ಕೇಳಿ ಮೊದಲು ಓಡಿಬಂದವನು ಗಾರ್ಡು. ಒದ್ದೆ ಕಂಬಳಿ ಹೊದಿಸಿ, ತನ್ನ ವ್ಯಾನಿನಲ್ಲೇ ಹುಡುಗಿಯನ್ನು ಆಸ್ಪತ್ರೆಗೆ ತಂದ. ದಾರಿಯುದ್ದಕ್ಕೂ ವ್ಯಾನಿನ ತುಂಬ ನಿಂಬೆಹಣ್ಣಿನ ಸೆಂಟು ಗಮ್ಮೆನ್ನುತ್ತಿತ್ತು. ಅವನು ಒಮ್ಮೆ ಕನ್ನಡಿಯಲ್ಲಿ ಸೆಂಟಣ್ಣನನ್ನು ನೋಡಿದ. ಕಿಟಕಿಯ ಗಾಜು ಇಳಿಸಿದ.

ಕೆಲವು ದಿನಗಳ ಮೇಲೆ ಮಗಳು ಆಸ್ಪತ್ರೆಯಿಂದ ಮನೆಗೆ ಬಂದಳು. ಆದರೆ ಅಪ್ಪನೊಂದಿಗೆ ಮಾತು ನಿಲ್ಲಿಸಿದ್ದಳು. ಬೇಕಾದದ್ದನ್ನು ಅಜ್ಜಿಯ ಮೂಲಕ ಹೇಳುತ್ತಿದ್ದಳು.

"ಅಜ್ಜೀ, ತಟ್ಟೆ ಇನ್ನೂ ಸ್ವಲ್ಪ ಹತ್ರ ಇಡೋಕೆ ಹೇಳು."

"ಕೇಳಿಸ್ತೇನೋ? ತಟ್ಟೆ ಹತ್ರ ಇಡ್ಬೇಕಂತೆ," ಎಂದು ಅಜ್ಜಿ ಎದುರಿಗೇ ಕೂತ ಮಗನಿಗೆ ತಲುಪಿಸುತ್ತಿದ್ದಳು.

ಸೆಂಟಣ್ಣ ತಟ್ಟೆ ಸರಿಸುತ್ತಿದ್ದ. ಎಡಗೈಯಲ್ಲಿ ಚಮಚ ಹಿಡಿದು ಅವಳು ಗಂಜಿ ಚೆಲ್ಲಿಕೊಂಡರೆ ಒರೆಸುತ್ತಿದ್ದ. ಪಾತ್ರೆ ತೊಳೆಯುವುದು, ನೆಲ ಒರೆಸುವುದು, ಬಟ್ಟೆ ಹಿಂಡುವುದು, ಎಲ್ಲ ಕೆಲಸವನ್ನೂ ಮೈಮೇಲೆ ಹಾಕಿಕೊಂಡ. ಮದುವೆಯಾದಂದಿನಿಂದ ಒಂದು ಲೋಟ ತೊಳೆಯದ ಗಂಡ ನಲ್ಲಿಯ ಮುಂದೆ ನಿಂತದ್ದನ್ನು ಹೆಂಡತಿ ಕೆಲವು ದಿನ ಸುಮ್ಮನೆ ನೋಡಿದಳು. ಆಮೇಲೆ ತಡೆಯಲಾಗಲಿಲ್ಲ.

"ಪಾತ್ರೆ ತೊಳೆದ್ರೆ ಪಾಪ ತೊಳೆದು ಹೋಗುತ್ತೇನ್ರೀ?"

"ನಾನೇನು ಮಾಡ್ಬೇಕು ಹೇಳು. ನಿಜ ಹೇಳಿದ್ರೆ ನಾಳೇನೇ ಗೇಟಿನಿಂದ ಆಚೆ. ನಾಲ್ಕು ಜನರ ಹೊಟ್ಟೆ."

"ನಿಜ ಮುಚ್ಚಿಡೋದು ಬೇರೆ. ಅವಳ ತಲೆಗೆ ಕಟ್ಟೋದು ಬೇರೆ. ಫ್ರಿಜ್ ಸಿಡೀತು ಅನ್ನಬಹುದಿತ್ತು. ನನ್ನ ಹೆಸರಾದ್ರೂ ಹೇಳ್ಬಹುದಿತ್ತು. ಆ ಮಗೂನೇ ಬೇಕಿತ್ತಾ ನಿಮಗೆ?"

ಡಾಕ್ಟರ ಮುಂದೆ ಆ ಗಳಿಗೆಯಲ್ಲಿ ಕೈಗೆ ಸಿಕ್ಕಿದ್ದು ಅವಳು, ಎದುರು ಮಾತಾಡಲಾರದೆ ಮಲಗಿದ್ದವಳು. ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಗಿ ಇನ್ನೊಂದು ಪಾತ್ರೆ ತಿಕ್ಕಿದ.

ಬೀದಿಯ ಹೆಂಗಸರು ಹಣ್ಣು ಬ್ರೆಡ್ಡು ಹಿಡಿದು ಬರತೊಡಗಿದರು. ಯಾರಾದರೂ ಮೆಟ್ಟಿಲು ಹತ್ತಿದ ಸದ್ದಾದರೆ ಸಾಕು, ಅಜ್ಜಿ ಗೋಡೆಯ ಕಡೆ ತಿರುಗಿ ಗೊರಕೆ ಹೊಡೆಯುತ್ತಿದ್ದಳು. ಅವಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ, ಮಗನನ್ನು ಬಿಟ್ಟುಕೊಡಲೂ ಆಗುತ್ತಿರಲಿಲ್ಲ. ಎದುರುಮನೆಯ ಟೈಲರಮ್ಮ ಅಡುಗೆಮನೆಯಿಂದ ಲೈಟರನ್ನೇ ತಂದು ಮಗಳ ಮುಂದೆ ಹಿಡಿದು ಪಾಠ ಮಾಡಿದಳು.

"ನೋಡಮ್ಮ, ಮೊದ್ಲು ಇದನ್ನ ಹಿಡ್ಕೊಬೇಕು. ಆಮೇಲೆ ತಿರುಗಿಸ್ಬೇಕು. ಅಷ್ಟು ಗ್ಯಾಸು ತುಂಬೋ ತನಕ ಗೊತ್ತಾಗ್ಲಿಲ್ವಾ? ಮೂಗಿಲ್ವೇನೆ ನಿಂಗೆ?"

"ನಮ್ಮನೇಲಿ ಮೂಗಿರೋದು ಅಪ್ಪನಿಗೆ ಮಾತ್ರ ಆಂಟಿ," ಎಂದಳು ಮಗಳು.

ಟೈಲರಮ್ಮ ತಮಾಷೆಯೆಂದುಕೊಂಡು ನಕ್ಕಳು. ಸೆಂಟಣ್ಣನೂ ನಗಬೇಕಾಯಿತು. ನಕ್ಕಾದ ಮೇಲೆ ತನ್ನ ನಗು ತನಗೇ ಹೇಸಿಗೆಯಾಯಿತು.

ಬ್ಯಾಂಡೇಜು ಚಿಕ್ಕದಾಗುತ್ತ ಬಂದ ಹೊತ್ತಿಗೆ ಕ್ಯಾಂಟೀನಿನ ಮೇಡಂ ಬಂದರು. ಆಸ್ಪತ್ರೆಯ ಅಡುಗೆಯೆಲ್ಲ ಅವರ ಉಸ್ತುವಾರಿ. ಗಟ್ಟಿ ಹೆಂಗಸು, ಮಾತು ಮಾತ್ರ ಮೆತ್ತಗೆ. ಮಗಳ ಗಾಯ ನೋಡಿದರು, ಟೀ ಕುಡಿದರು, ಲೋಟ ಕೆಳಗಿಟ್ಟ ಮೇಲೆ ವಿಷಯಕ್ಕೆ ಬಂದರು.

"ಕೈರುಚಿ ನಿನಗಿದೆ ಪುಟ್ಟ, ನಾನೇ ನೋಡಿದೀನಿ. ಆದ್ರೆ ನನ್ನ ಅಡುಗೆಮನೇಲಿ ಸಾಲು ಸಾಲು ಒಲೆ. ಗೋಡೆಯಾಚೆ ರೋಗಿಗಳು ಮಲಗಿರ್ತಾರೆ. ಸ್ಟವ್ ಮರೆಯೋರನ್ನ ಒಳಗೆ ಬಿಟ್ಟೆ ಅಂದ್ರೆ ನಾಳೆ ನನ್ನನ್ನ ಯಾರೂ ಕ್ಷಮಿಸಲ್ಲ. ಈಗ ಹೊರಗೆ ಟೇಬಲ್ ಒರೆಸೋ ಕೆಲಸ ಇದೆ. ಅದಕ್ಕೆ ಬಾ. ಮುಂದೆ ನೋಡೋಣ."

ಮಗಳು ನಿಧಾನವಾಗಿ ಅಪ್ಪನ ಕಡೆ ತಿರುಗಿದಳು. ಹೆಂಡತಿಯೂ ತಿರುಗಿದಳು. ಗೊರಕೆ ಹೊಡೆಯುತ್ತಿದ್ದ ಅಜ್ಜಿಯ ಗೊರಕೆಯೂ ನಿಂತಿತು. ಸೆಂಟಣ್ಣ ಮೇಡಮ್ಮಿನ ಖಾಲಿ ಲೋಟ ನೋಡುತ್ತ, "ನೀವು ದೊಡ್ಡೋರು. ಹೇಳೋದು ಸರಿಯಾಗೇ ಇದೆ ಮೇಡಂ," ಎಂದ.

ಅವರು ಹೋದ ಮೇಲೆ ಮಗಳು ಎಷ್ಟೋ ದಿನದ ನಂತರ ನೇರವಾಗಿ ಅವನ ಜೊತೆ ಮಾತಾಡಿದಳು.

"ಕಾಲು ಸುಟ್ಟಿದ್ದಕ್ಕೆ ನನಗೆ ಕೋಪ ಇಲ್ಲ. ಅದು ನೀನು ಬೇಕು ಅಂತ ಮಾಡಿದ್ದಲ್ಲ. ಆದ್ರೆ ಈಗ ಹೇಳಿದೆಯಲ್ಲ, 'ಸರಿಯಾಗೇ ಇದೆ' ಅಂತ. ಅದು ಬೇಕು ಅಂತಾನೇ ಹೇಳಿದ್ದು."

"ನನ್ನ ಕೆಲಸ ಹೋದ್ರೆ ನಿನ್ನ ಔಷಧಿಗೆ..."

"ಔಷಧಿ ಹೆಸರು ಹೇಳ್ಬೇಡ."

"ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ," ಎಂದಳು ಅಜ್ಜಿ ಗೋಡೆಯ ಕಡೆ ಮುಖ ಮಾಡಿಕೊಂಡೇ. "ಇವನು ತಂದಿದ್ದು ಅಡಿಕೇನೂ ಅಲ್ಲ. ಬರೀ ಗಾಳಿ ತುಂಬಿದ ಡಬ್ಬಿ."

ಆ ರಾತ್ರಿಯ ಅನ್ನ ಹಾಗೇ ಉಳಿಯಿತು. ಮರುದಿನ ಬೆಳಗ್ಗೆ ಅದನ್ನೇ ಬಿಸಿ ಮಾಡಿಕೊಂಡು ನಾಲ್ವರೂ ಮಾತಿಲ್ಲದೆ ತಿಂದರು.

ಇಷ್ಟು ಸಾಲದೆಂಬಂತೆ ಕಾರ್ಖಾನೆಯಲ್ಲಿ ಸುರಕ್ಷತಾ ಸಪ್ತಾಹ ಬಂತು. ಶಿಫ್ಟ್ ಇನ್‌ಚಾರ್ಜು ಸೆಂಟಣ್ಣನ ಹೆಗಲ ಮೇಲೆ ಕೈಹಾಕಿ ಪಕ್ಕಕ್ಕೆ ಕರೆದ.

"ನಿಮ್ಮ ಮಗಳನ್ನ ಕರ್ಕೊಂಡು ಬನ್ನಿ. ಒಂದೆರಡು ಮಾತಾಡ್ಲಿ. ನಾವು ಗಂಟೆಗಟ್ಲೆ ಭಾಷಣ ಮಾಡಿದ್ರೆ ಯಾರ ತಲೆಗೂ ಹೋಗಲ್ಲ. ಆ ಹುಡುಗಿ ಕೈ ನೋಡಿದ್ರೆ ಎಲ್ರಿಗೂ ಬುದ್ಧಿ ಬರುತ್ತೆ."

"ಬೇಡ ಸಾರ್. ಅವಳು ನಾಚ್ಕೋತಾಳೆ."

"ನಾಚ್ಕೊಳ್ಳೋದಕ್ಕೇನಿದೆ? ತಪ್ಪು ಒಪ್ಕೊಳ್ಳೋದು ದೊಡ್ಡ ಗುಣ ಅಲ್ವಾ?"

ಮಗಳು ಖಂಡಿತ ಬರುವುದಿಲ್ಲ ಎಂದುಕೊಂಡೇ ಸೆಂಟಣ್ಣ ಮನೆಯಲ್ಲಿ ವಿಷಯ ತೆಗೆದ. ಅವಳು ಬರುತ್ತೇನೆಂದಳು. ಯಾಕೆಂದು ಕೇಳುವ ಧೈರ್ಯ ಅವನಿಗಾಗಲಿಲ್ಲ. ವೇದಿಕೆಯ ಮೇಲೆ ಎಲ್ಲವನ್ನೂ ಹೇಳಿಬಿಡುತ್ತಾಳೆ ಎಂದು ಹೆದರಿದ. ಹೇಳಿಬಿಟ್ಟರೆ ಮುಗಿದೇ ಹೋಯಿತಲ್ಲ ಎಂದೂ ಅನ್ನಿಸಿತು. ತಾನು ಹೇಳಬೇಕಾದದ್ದನ್ನು ಸುಟ್ಟ ಮಗಳಿಂದ ಹೇಳಿಸಲು ಕಾಯುತ್ತಿದ್ದೇನಲ್ಲ ಎಂದು ಆಮೇಲೆ ಮುಖ ತೊಳೆಯುವಾಗ ಹೊಳೆದು, ಕನ್ನಡಿ ನೋಡದೆ ತಲೆ ಬಾಚಿಕೊಂಡ.

ಸಭೆ ನಡೆದದ್ದು ಪ್ಯಾಕಿಂಗ್ ಹಾಲಿನಲ್ಲಿ. ಯಂತ್ರಗಳು ನಿಂತಿದ್ದವು. ಕೆಲಸಗಾರರು ಹೆಂಡತಿ ಮಕ್ಕಳೊಂದಿಗೆ ಕೂತಿದ್ದರು. ಅವತ್ತಿನ ಊಟದ ಗುತ್ತಿಗೆ ಕ್ಯಾಂಟೀನಿನ ಮೇಡಮ್ಮಿನದೇ ಆದ್ದರಿಂದ ಅವರೂ ಹಿಂದೆ ಪಾತ್ರೆಗಳ ಪಕ್ಕ ನಿಂತಿದ್ದರು. ಬಾಗಿಲಲ್ಲಿ ಗಾರ್ಡು. ಮಗಳು ಕುಂಟುತ್ತ ಮೆಟ್ಟಿಲು ಹತ್ತಿ, ಎಡಗೈಯಲ್ಲಿ ಮೈಕು ಹಿಡಿದು, ಬಲಗೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿದಳು.

"ಇದು ನನ್ನ ತಪ್ಪಿನಿಂದ ಆಗಿದ್ದು," ಎಂದಳು. "ಅವತ್ತು ಟೀ ಇಡೋಣ ಅಂತ ಸ್ಟವ್ ತಿರುಗಿಸಿದೆ. ಆಮೇಲೆ ಫೋನ್ ನೋಡ್ತಾ ಹೊರಗೆ ಕೂತುಬಿಟ್ಟೆ. ವಾಪಸ್ ಬಂದು ಲೈಟರ್ ಒತ್ತಿದೆ. ನಮ್ಮಪ್ಪ ಮನೇಲಿ ದಿನಾ ಹೇಳ್ತಿದ್ರು, ಗ್ಯಾಸಿನ ಹತ್ರ ಹುಷಾರು ಅಂತ. ನಾನೇ ಕೇಳ್ಲಿಲ್ಲ."

ಜನ ಚಪ್ಪಾಳೆ ತಟ್ಟಿದರು. ಕೆಲವು ಹೆಂಗಸರು ಕಣ್ಣೊರೆಸಿಕೊಂಡರು. ಇನ್‌ಚಾರ್ಜು ಸೆಂಟಣ್ಣನನ್ನೂ ಮೇಲೆ ಕರೆದು, ಎಷ್ಟು ಎಚ್ಚರದ ತಂದೆ ನೋಡಿ ಎಂದು ಹೊಗಳಿ, ಕಂಪನಿಯ ಸ್ಪ್ರೇಗಳಿದ್ದ ಉಡುಗೊರೆಯ ಬುಟ್ಟಿಯನ್ನು ಇಬ್ಬರ ಕೈಗೂ ಸೇರಿಸಿ ಕೊಟ್ಟು ಫೋಟೋ ತೆಗೆಸಿದ. ಸೆಂಟಣ್ಣನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕೆಳಗೆ ಇಳಿಯುವಾಗ ಮಗಳ ತೋಳು ಹಿಡಿದುಕೊಂಡ.

"ಯಾಕೆ ಹಾಗಂದೆ?"

"ಇನ್ನೇನನ್ನಲಿ? ಗೇಟಿನ ಆಚೆ ನಿಂತ ಅಪ್ಪನ್ನ ನೋಡೋ ಧೈರ್ಯ ನನಗೂ ಇಲ್ಲ," ಎಂದಳು ಅವಳು. "ಬುಟ್ಟಿ ನೀನೇ ಹಿಡ್ಕೊ. ನನ್ನ ಕೈ ಉರೀತಿದೆ."

ಆ ರಾತ್ರಿ ಅವನಿಗೆ ನಿದ್ದೆ ಬರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಬೆಳಗಾದದ್ದೇ ಭಾನುವಾರವೆಂದೂ ನೋಡದೆ ಆಸ್ಪತ್ರೆಯ ಕ್ಯಾಂಟೀನಿಗೆ ಹೋದ. ಮೇಡಂ ಮೊಟ್ಟೆ ಎಣಿಸಿಕೊಳ್ಳುತ್ತಿದ್ದರು. ಕೈಕಟ್ಟಿ ನಿಂತು, ಡಬ್ಬಿ ಕದ್ದದ್ದರಿಂದ ಹಿಡಿದು ಫ್ರಿಜ್ಜಿನ ತನಕ ಒಂದನ್ನೂ ಬಿಡದೆ ಹೇಳಿದ. ಮೇಡಂ ತಾಳ್ಮೆಯಿಂದ ಕೇಳಿದರು. ಅವರ ಕಣ್ಣು ತೇವವಾದದ್ದು ನೋಡಿ, ಇವರು ನಂಬಿದರು ಎಂದುಕೊಂಡ.

"ಎಂಥ ಅಪ್ಪ ರೀ ನೀವು!" ಎಂದರು ಅವರು. "ಮಗಳಿಗೆ ಕೆಲಸ ಸಿಗ್ಲಿ ಅಂತ ಕಳ್ಳತನಾನೂ ಮೈಮೇಲೆ ಹಾಕ್ಕೊಳ್ತೀರಲ್ಲ."

"ಇಲ್ಲ ಮೇಡಂ. ಇದು ನಿಜ. ಅವಳು ನನ್ನನ್ನ ಉಳಿಸೋಕೆ ಸುಳ್ಳು ಹೇಳಿದ್ದು."

"ನಿನ್ನೆ ನನ್ನ ಕಿವಿಯಾರೆ ಕೇಳಿದೀನಿ. ಸುಟ್ಟ ಕೈ ತೋರಿಸ್ಕೊಂಡು ಸುಳ್ಳು ಹೇಳ್ತಾಳಾ ಆ ಮಗು? ಸರಿ, ಒಂದು ಕೇಳ್ತೀನಿ. ಇದನ್ನೇ ಹೋಗಿ ನಿಮ್ಮ ಫ್ಯಾಕ್ಟರೀಲಿ ಹೇಳ್ತೀರಾ?"

ಸೆಂಟಣ್ಣ ತಲೆ ತಗ್ಗಿಸಿ ಮೊಟ್ಟೆಗಳನ್ನು ನೋಡತೊಡಗಿದ.

"ಹೇಳಲ್ಲ ಅಲ್ವಾ? ಹೇಳೋಕೆ ಆಗಲ್ಲ, ಯಾಕಂದ್ರೆ ನಡೆದೇ ಇಲ್ಲ," ಎಂದು ಮೇಡಂ ನಕ್ಕು, ಮತ್ತೆ ಮೊಟ್ಟೆಯ ಕಡೆ ತಿರುಗಿದರು. "ಅಪ್ಪ ಮಗಳು ಇಬ್ರೂ ಒಳ್ಳೇವ್ರು ಬಿಡಿ. ನಾಳೆಯಿಂದ ಟೇಬಲ್ಲಿಗೆ ಕಳಿಸಿ."

ಮಧ್ಯಾಹ್ನ ಊಟಕ್ಕೆ ಕೂತಾಗ ಅವನು ಮನೆಯವರಿಗೆ ಎಲ್ಲವನ್ನೂ ಹೇಳಿದ. ಹೆಂಡತಿ ಬೇಳೆಯ ಪಾತ್ರೆ ಹಿಡಿದು ನಿಂತೇ ಕೇಳಿದಳು. ಮಗಳು ಮೊದಲು ಬಾಯಿಬಿಟ್ಟು ನಕ್ಕಳು. ಸುಟ್ಟಮೇಲೆ ಅವಳು ನಕ್ಕದ್ದು ಅದೇ ಮೊದಲು.

"ಕೊನೆಗೂ ನಿಜ ಹೇಳಿದೆ, ಯಾರೂ ನಂಬ್ಲಿಲ್ಲ!"

"ನೀವು ಮಾಡೋದು ಮಾಡಿದ್ರಿ," ಎಂದಳು ಹೆಂಡತಿ. ಅವಳ ದನಿ ಎಷ್ಟೋ ವಾರದ ಮೇಲೆ ಮೆತ್ತಗಾಗಿತ್ತು. "ಅವರು ನಂಬದೆ ಇದ್ರೆ ಅದಕ್ಕೆ ನಾವೇನು ಮಾಡೋಕಾಗುತ್ತೆ? ಊಟ ಮಾಡಿ."

"ಬಿಡಪ್ಪ," ಎಂದಳು ಮಗಳು. "ನಾಳೆಯಿಂದ ಟೇಬಲ್ ಒರೆಸೋಕೆ ಹೋಗ್ತೀನಿ. ಅಲ್ಲಿಂದ ಅಡುಗೆಮನೆಗೆ ಎಷ್ಟು ದೂರ? ಒಂದು ಬಾಗಿಲು."

ಎದೆಯ ಮೇಲಿಂದ ಬಂಡೆ ಇಳಿದಂತಾಯಿತು ಸೆಂಟಣ್ಣನಿಗೆ. ಅನ್ನ ಕಲಸಿ ದೊಡ್ಡ ದೊಡ್ಡ ತುತ್ತು ಮಾಡಿ ಉಂಡ. ಬೇಳೆ ಇಷ್ಟು ಚೆನ್ನಾಗಿ ಯಾವತ್ತೂ ಆಗಿರಲಿಲ್ಲ ಅನ್ನಿಸಿತು. ತಟ್ಟೆ ಖಾಲಿ ಮಾಡಿ ಹೆಂಡತಿಯ ಕಡೆ ಚಾಚಿ, "ಇನ್ನೊಂದು ಸ್ವಲ್ಪ ಹಾಕು," ಎಂದ.

ಅಜ್ಜಿ ಎದುರಿಗೆ ಕೂತು ಅವನನ್ನೇ ನೋಡುತ್ತಿದ್ದಳು.

"ಹಸಿವಾಯ್ತೇನೋ ಮಗಾ?" ಎಂದಳು.

ಅಷ್ಟೇ. ಬೈಗುಳವಲ್ಲ, ಕೊಂಕೂ ಅಲ್ಲ. ಚಿಕ್ಕಂದಿನಲ್ಲಿ ಕೇಳುತ್ತಿದ್ದ ದನಿಯಲ್ಲೇ ಕೇಳಿದಳು. ಸೆಂಟಣ್ಣನ ಕೈ ತಟ್ಟೆಯ ಸಮೇತ ಗಾಳಿಯಲ್ಲೇ ನಿಂತಿತು. ಇಷ್ಟು ದಿನ ಗಂಟಲಲ್ಲಿ ಇಳಿಯದ ಅನ್ನ ಇವತ್ತು ಯಾಕೆ ಇಳಿಯುತ್ತಿದೆ ಎನ್ನುವುದು ಅವನಿಗೆ ತಿಳಿದುಹೋಯಿತು. ಮಗಳು ಟೇಬಲ್ ಒರೆಸಲು ಒಪ್ಪಿದ್ದಳು, ಅದಕ್ಕೇ ಹಸಿವಾಗಿತ್ತು. ತಟ್ಟೆ ಕೆಳಗಿಟ್ಟು ಎದ್ದ.

"ಎಲ್ಲಿಗೆ ಹೊರಟ್ರಿ? ಕೈ ತೊಳೀರಿ ಮೊದ್ಲು!" ಎಂದು ಹೆಂಡತಿ ಕೂಗಿದಳು.

ಬೀದಿಯಲ್ಲಿ ಗಾರ್ಡು ಮಧ್ಯಾಹ್ನದ ಪಾಳಿಗೆ ಹೊರಟು ವ್ಯಾನಿನ ಬಾಗಿಲು ತೆಗೆಯುತ್ತಿದ್ದ. ಸೆಂಟಣ್ಣ ಎಂಜಲು ಕೈಯಲ್ಲೇ ಅವನ ಮುಂದೆ ನಿಂತ.

"ಅವತ್ತು ನನ್ನ ಮನೇಲಿ ಉರಿದದ್ದು ಕಾರ್ಖಾನೆ ಗ್ಯಾಸು."

ಗಾರ್ಡು ಆ ಕಡೆ ಈ ಕಡೆ ನೋಡಿದ. "ಗೊತ್ತು," ಎಂದ. "ಆ ವಾಸನೆ ವ್ಯಾನಿನಿಂದ ಹೋಗೋಕೆ ಎಷ್ಟು ದಿನ ಹಿಡೀತು ಗೊತ್ತಾ? ಈಗ ಯಾಕೆ ಹೇಳ್ತೀರಿ? ನಾನಿನ್ನೂ ಡ್ಯೂಟಿ ಮೇಲಿಲ್ಲ. ಒಳಗೆ ಹೋಗಿ ಊಟ ಮುಗಿಸಿ. ನಾನೇನೂ ಕೇಳಿಸ್ಕೊಂಡಿಲ್ಲ."

"ಡ್ಯೂಟಿ ಮೇಲಿದ್ದಾಗ ಕೇಳಿಸ್ಕೊಳ್ಳಿ. ಇನ್‌ಚಾರ್ಜ್ ಇವತ್ತು ಬಂದಿರ್ತಾರಾ?"

"ಬಂದಿರ್ತಾರೆ."

"ಹಾಗಾದ್ರೆ ನಡೀರಿ. ನಾನೂ ಬರ್ತೀನಿ."

ಗಾರ್ಡು ವ್ಯಾನಿನೊಳಗಿಂದ ನೀರಿನ ಬಾಟಲಿ ತೆಗೆದು ಅವನ ಕೈಮೇಲೆ ಸುರಿದ. ಸೆಂಟಣ್ಣ ಕೈ ಒರೆಸಿಕೊಂಡು ವ್ಯಾನು ಹತ್ತುವಷ್ಟರಲ್ಲಿ ಮಗಳು ಗೋಡೆ ಹಿಡಿದುಕೊಂಡು ಕುಂಟುತ್ತ ಬಂದಳು. ಅವಳಿಗೆ ಎಲ್ಲ ಅರ್ಥವಾಗಿತ್ತು. ಮುಖ ಬಿಳಿಚಿಕೊಂಡಿತ್ತು.

"ಅಪ್ಪಾ, ನಿಲ್ಲು. ನಾನೂ ಬರ್ತೀನಿ."

"ನೀನು ಬೇಡ," ಎಂದ ಸೆಂಟಣ್ಣ. "ನೀನು ಬಂದ್ರೆ ಮತ್ತೆ ನನ್ನ ಪರವಾಗಿ ಸುಳ್ಳು ಹೇಳ್ತೀಯ."